ಎಡಗಡೆಯ ಪಟ್ಟಿ, ಬಲಗಡೆಯ ಪಟ್ಟಿ

ಆ ಬೀದಿಯಲ್ಲಿ ದೊಡ್ಡಪಟ್ಟಿಯ ಬಾಯಿಗೆ ಬೀಳದೆ ಉಳಿದದ್ದು ಯಾವುದೂ ಇರಲಿಲ್ಲ. ಅಂಗಡಿಯೆದುರಿನ ದೀಪದ ಕಂಬ ಕೂಡ, ಒಂಚೂರು ವಾಲಿಕೊಂಡಿದ್ದ ತಪ್ಪಿಗೆ, ದಿನಾ ಬೆಳಿಗ್ಗೆ ಅವನಿಂದ ಬೈಸಿಕೊಳ್ಳುತ್ತಿತ್ತು. "ನೆಟ್ಟೋನಿಗೆ ಕಣ್ಣಿರಲಿಲ್ಲ, ನೆಡಿಸಿದೋನಿಗೆ ಮಾನ ಇರಲಿಲ್ಲ" ಎಂದು ಬಾಗಿಲಿನ ಬೀಗ ತೆಗೆಯುತ್ತಲೇ ಅವನ ದಿನ ಶುರು. ಕಂಬದ ಸರದಿ ಮುಗಿದ ಮೇಲೆ ಲಾರಿಯವರು, ವ್ಯಾನಿನವರು, ಪಕ್ಕದ ಬಣ್ಣದಂಗಡಿಯವನು, ಆಮೇಲೆ ಕಟ್ಟಿಕೊಂಡ ಹೆಂಡತಿ. ಎಲ್ಲರಿಗೂ ಅವರವರ ಯೋಗ್ಯತೆಗೆ ತಕ್ಕಷ್ಟು ಸಿಗುತ್ತಿತ್ತು. ಯಾರ ಯೋಗ್ಯತೆ ಎಷ್ಟೆಂದು ತೀರ್ಮಾನ ಮಾಡುವವನೂ ಅವನೇ.

ಅವನದು ಗಾಡಿಗಳ ಕಮಾನುಪಟ್ಟಿ ಕಟ್ಟುವ ಕೆಲಸ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಕೆಳಗೊಂದು ಕೂತು, ಹಿಂದಿನ ಚಕ್ರಗಳ ಮೇಲೆ ಗಾಡಿಯ ಭಾರ ಹೊರುತ್ತವೆ. ವರ್ಷಗಟ್ಟಲೆ ಹೊತ್ತು ಹೊತ್ತು ಬಾಗು ಕಳೆದುಕೊಂಡ ಮೇಲೆ ಗಾಡಿ ಕುಂಡಿ ನೆಲಕ್ಕೆ ಹಾಕಿ ಕೂತುಬಿಡುತ್ತದೆ. ಆಗ ಪಟ್ಟಿಗಳನ್ನು ಬಿಚ್ಚಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಮತ್ತೆ ಬಾಗಿಸಿ, ಎಣ್ಣೆಯಲ್ಲಿ ಮುಳುಗಿಸಿ ಹದ ಕೊಡಬೇಕು. ಕಟ್ಟಿನಲ್ಲಿ ಎಲ್ಲಕ್ಕಿಂತ ಉದ್ದದ್ದು ದೊಡ್ಡ ಪಟ್ಟಿ, ಎಲ್ಲಕ್ಕಿಂತ ಗಿಡ್ಡದ್ದು ಚಿಕ್ಕ ಪಟ್ಟಿ. ಇವನು ಉದ್ದಕ್ಕೆ, ಸಣ್ಣಗೆ ಇದ್ದ. ತಮ್ಮ ಕುಳ್ಳಗೆ, ದಪ್ಪಗೆ ಇದ್ದ. ಹೆಸರಿಡಲು ಬೀದಿಯವರಿಗೆ ಹೆಚ್ಚು ಯೋಚನೆ ಮಾಡಬೇಕಾಗಿ ಬರಲಿಲ್ಲ.

ದೊಡ್ಡಪಟ್ಟಿಯ ಬಾಯಲ್ಲಿ ಬಾರದ ಮಾತು ಒಂದೇ: "ಗೊತ್ತಿಲ್ಲ." ಯಾರಾದರೂ ದಾರಿಹೋಕರು ವಿಳಾಸ ಕೇಳಿದರೆ, ತಿಳಿಯದಿದ್ದರೂ ಕೈ ಎತ್ತಿ ಯಾವುದಾದರೊಂದು ದಿಕ್ಕು ತೋರಿಸುತ್ತಿದ್ದ. ಅವರು ಸುತ್ತಿ ಸುತ್ತಿ ವಾಪಸು ಬಂದರೆ, "ಹೇಳಿದ್ದನ್ನ ಕೇಳಿಸ್ಕೊಳ್ಳೋ ಕಿವಿ ಬೇಕಲ್ಲ" ಎನ್ನುತ್ತಿದ್ದ.

ಅಪ್ಪ ಇರುವ ತನಕ ಅಂಗಡಿ ಒಂದೇ ಆಗಿತ್ತು. ಮಕ್ಕಳಿಬ್ಬರ ಕೈಗುಣ ಬೇರೆ ಬೇರೆ ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹಿರಿಯವನು ಎಷ್ಟು ಹೇಳಿದರೂ ಪಟ್ಟಿಯನ್ನು ಒಂದು ಬೆರಳು ಜಾಸ್ತಿಯೇ ಬಾಗಿಸುತ್ತಿದ್ದ; ಸುತ್ತಿಗೆ ಕೆಳಗಿಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಕಿರಿಯವನು ಇನ್ನೂ ನಾಲ್ಕು ಪೆಟ್ಟು ಬಾಕಿ ಇರುವಾಗಲೇ ಸಾಕು ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಅವನದು ಒಂದು ಬೆರಳು ಕಡಿಮೆ. ಅಪ್ಪ ಎರಡನ್ನೂ ತನ್ನ ಕಬ್ಬಿಣದ ಅಚ್ಚಿನ ಮೇಲಿಟ್ಟು, ಒಂದನ್ನು ಬಡಿದು ಇಳಿಸಿ, ಇನ್ನೊಂದನ್ನು ಬಡಿದು ಎಬ್ಬಿಸಿ, ಯಾರಿಗೂ ಏನೂ ಹೇಳದೆ ಗಾಡಿಗೆ ಕಟ್ಟಿ ಕಳಿಸುತ್ತಿದ್ದ. ಹಾಗೆ ಕಳಿಸಿದ ಗಾಡಿಗಳು ನೆಟ್ಟಗೆ ನಿಂತಿದ್ದವು. ಮಕ್ಕಳಿಬ್ಬರೂ ಅದು ತಮ್ಮ ತಮ್ಮ ಕೈಯ ಹೆಚ್ಚುಗಾರಿಕೆ ಎಂದುಕೊಂಡಿದ್ದರು.

ಅಪ್ಪ ತೀರಿಕೊಂಡ ವರ್ಷವೇ ಇಟ್ಟಿಗೆ ಹೊತ್ತ ಲಾರಿಯೊಂದು ಸೇತುವೆಯ ಬಳಿ ಪಟ್ಟಿ ಮುರಿದುಕೊಂಡು ಕೂತಿತು. ಮುರಿದದ್ದು ಯಾರು ಹದ ಕೊಟ್ಟ ಪಟ್ಟಿ? ತನಗೆ ಚೆನ್ನಾಗಿ ಗೊತ್ತು, ತಮ್ಮನದೇ ಎಂದ ಅಣ್ಣ. ನನಗೂ ಚೆನ್ನಾಗಿ ಗೊತ್ತು, ನಿನ್ನದೇ ಎಂದ ತಮ್ಮ. ಮಾತಿಗೆ ಮಾತು ಬೆಳೆದು ಅಂಗಡಿಯ ನಡುವೆ ಗೋಡೆ ಎದ್ದಿತು. ಕುಲುಮೆ ಅಣ್ಣನ ಪಾಲಿಗೆ ಬಂತು. ಎಣ್ಣೆಯ ತೊಟ್ಟಿ, ಅಪ್ಪನ ಅಚ್ಚು ತಮ್ಮನ ಪಾಲಿಗೆ ಹೋದವು. ತನ್ನ ಕೈಗೆ ಅಚ್ಚು ಯಾಕೆಂದು ತಮ್ಮ ಅದನ್ನು ಮೂಲೆಗೆ ಹಾಕಿದ. ಒಬ್ಬನ ಹತ್ತಿರ ಬೆಂಕಿ ಇತ್ತು, ಎಣ್ಣೆ ಇರಲಿಲ್ಲ. ಇನ್ನೊಬ್ಬನ ಹತ್ತಿರ ಎಣ್ಣೆ ಇತ್ತು, ಬೆಂಕಿ ಇರಲಿಲ್ಲ. ಪಾಲು ಮಾಡಿಸಿದ ದೊಡ್ಡ ಮನುಷ್ಯರ ಬುದ್ಧಿ ಅಷ್ಟು. ದೊಡ್ಡಪಟ್ಟಿ ತಗಡಿನ ಪೀಪಾಯಿಯೊಂದನ್ನು ಅರ್ಧ ಕತ್ತರಿಸಿ ಎಣ್ಣೆ ತುಂಬಿಸಿಕೊಂಡ. ಚಿಕ್ಕಪಟ್ಟಿ ಇಟ್ಟಿಗೆ ಜೋಡಿಸಿ ಒಲೆಯಂಥದ್ದೊಂದನ್ನು ಕಟ್ಟಿಕೊಂಡ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತು ಇಲ್ಲದಿದ್ದರೇನು, ಗೋಡೆ ಒಂದೇ ಇಟ್ಟಿಗೆಯ ದಪ್ಪ. ಆಚೆಯ ಸುತ್ತಿಗೆಯ ಸದ್ದು ಈಚೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ದೊಡ್ಡಪಟ್ಟಿ ತನ್ನ ಕೆಲಸ ಬಿಟ್ಟು ಕಿವಿಗೊಟ್ಟು ಕೂರುತ್ತಿದ್ದ. ಸದ್ದು ನಿಂತ ಕೂಡಲೇ ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ, ನಿಲ್ಲಿಸೇಬಿಟ್ಟ. ಎಣ್ಣೆ ತೊಟ್ಟಿ ಬೇಕಂತೆ ಇವನಿಗೆ. ಅದರಲ್ಲಿ ಕಾಲು ಬಿಟ್ಕೊಂಡು ಕೂತಿರ್ತಾನೆ" ಎನ್ನುತ್ತಿದ್ದ.

ಕುಲುಮೆಗೆ ಗಾಳಿ ಊದುವ ಚಕ್ರ ತಿರುಗಿಸುವವಳು ಆ ಹೆಂಡತಿಯೇ. ಅವಳು ಗಂಡನನ್ನು ಬಹಳ ವರ್ಷಗಳ ಹಿಂದೆಯೇ ಅಳೆದು ಮುಗಿಸಿದ್ದಳು. ಲಾರಿಗಳಿಗೆ ಈಗ ಕಾರ್ಖಾನೆಯಿಂದ ಸಿದ್ಧ ಪಟ್ಟಿಗಳೇ ಬರುತ್ತಿದ್ದವು, ಹೊಸ ಕಾರುಗಳಿಗೆ ಪಟ್ಟಿಯೇ ಇರಲಿಲ್ಲ. ವಾರಕ್ಕೊಮ್ಮೆ ಕುಲುಮೆ ಹೊತ್ತಿಸಿದರೆ ಹೆಚ್ಚು. ಆದ್ದರಿಂದ ಫೋನಿನ ಅಂಗಡಿ ಇಡಲು ಜಾಗ ಹುಡುಕುತ್ತಿದ್ದವನಿಗೆ ಅವಳು ಮಾತು ಕೊಟ್ಟಿದ್ದಳು.

"ವರ್ಷದ ಕೊನೇವರೆಗೂ ನೋಡ್ತೀನಿ," ಎಂದಳು ಗಂಡನಿಗೆ. "ಅಷ್ಟರೊಳಗೆ ಕೆಲಸ ಬಂದ್ರೆ ಕುಲುಮೆ ಇರಲಿ. ಬರಲಿಲ್ಲ ಅಂದ್ರೆ ಜಾಗ ಅವನಿಗೆ."

"ಫೋನಿನ ಅಂಗಡೀನಾ? ನನ್ನ ಅಪ್ಪನ ಬೆಂಕಿ ಉರಿದ ಜಾಗದಲ್ಲಿ ಗಾಜಿಗೆ ಪ್ಲಾಸ್ಟಿಕ್ ಅಂಟಿಸ್ತಾನಾ ಅವನು?"

"ಅಂಟಿಸಲಿ. ಅವನ ಹತ್ರ ಜನ ಬರ್ತಾರೆ. ನಿಮ್ಮ ಕುಲುಮೆ ಆರಿದ್ರೂ ನಿಮ್ಮ ನಾಲಿಗೆ ಆರಲ್ಲ, ಚಿಂತೆ ಮಾಡ್ಬೇಡಿ."

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಬೀದಿಯ ಕೊನೆಯಲ್ಲಿ ಮನೆ, ವಯಸ್ಸಾಗಿ ಹಲ್ಲು ಕೀಳುವುದನ್ನು ಬಿಟ್ಟಿದ್ದವರು. ಜೀವಮಾನದಲ್ಲಿ ಯಾರಿಗೂ ನೋವಿನ ಮಾತು ಆಡಿದವರಲ್ಲ. ಬಾಯಿ ತುಂಬ ಹುಳುಕು ಇಟ್ಟುಕೊಂಡು ಬಂದವರಿಗೂ, "ಪರವಾಗಿಲ್ಲ, ಚೆನ್ನಾಗಿದೆ, ಮೂರು ತೆಗೆದರೆ ಸಾಕು" ಎನ್ನುತ್ತಿದ್ದರಂತೆ. ಯಾವ ವಿಷಯ ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವರ ಅಭ್ಯಾಸ. ದೊಡ್ಡಪಟ್ಟಿಗೆ ಅವರನ್ನು ಕಂಡರೆ ಬೆನ್ನೆಲುಬಿಲ್ಲದ ಪ್ರಾಣಿ ಕಂಡಷ್ಟೇ ಗೌರವ.

ಅವರ ಮನೆಯ ಶೆಡ್ಡಿನಲ್ಲಿ ಅವರ ತಂದೆಯ ಕಾಲದ ಕಾರೊಂದಿತ್ತು. ಕಪ್ಪು ಬಣ್ಣ, ದುಂಡು ಬೆನ್ನು, ಅಂಗೈಯಗಲದ ದೀಪಗಳು. ಹಿಂಭಾಗ ಪೂರ್ತಿ ಕುಸಿದು, ಒಳಗೆ ಯಾರಾದರೂ ಕೂತರೆ ಆಕ್ಸಲ್ ಹೋಗಿ ಚಾಸಿಗೆ ಬಡಿಯುತ್ತಿತ್ತು. ಹಳೇ ಕಾರುಗಳ ಸಂಘದ ಕಾರ್ಯದರ್ಶಿ ಅದನ್ನು ನೋಡಲು ಬರುವವರಿದ್ದರು. ಸಂಘದಲ್ಲಿ ಇಂಥ ಕಾರುಗಳು ಬಹಳ. ಎಲ್ಲವೂ ಹಿಂಭಾಗ ಕುಸಿದವೇ. ಈ ಕಾರು ಸರಿಯಾಗಿ ನಿಂತರೆ ಉಳಿದ ಕಾರುಗಳನ್ನೂ ಇದೇ ಬೀದಿಗೆ ಕಳಿಸುವುದಾಗಿ ಆ ಮನುಷ್ಯ ಹೇಳಿದ್ದ.

ದೊಡ್ಡಪಟ್ಟಿ ಒಮ್ಮೆ ಕುಲುಮೆಯ ಕಡೆ ನೋಡಿದ. ಅಷ್ಟು ಕಾರು ಬಂದರೆ ಕುಲುಮೆ ಆರುವ ಮಾತೇ ಇಲ್ಲ. ಮುಖದಲ್ಲಿ ಮಾತ್ರ ಏನೂ ತೋರಿಸದೆ, "ಬಿಟ್ಟು ಹೋಗಿ, ನೋಡ್ತೀನಿ" ಎಂದ.

ಡಾಕ್ಟರು ಕೈ ಕೈ ಹಿಸುಕಿಕೊಂಡರು. "ಅದು ಏನಾಯ್ತು ಅಂದ್ರೆ... ಎಡಗಡೇದು ನೀವು ಮಾಡಿ. ಬಲಗಡೇದು ನಿಮ್ಮ ತಮ್ಮ ಮಾಡ್ತಾರೆ."

ದೊಡ್ಡಪಟ್ಟಿ ಅವರನ್ನೇ ನೋಡಿದ. "ಏನಂದ್ರಿ?"

"ಇಬ್ಬರೂ ನಮ್ಮೋರೇ ಅಲ್ವಾ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬೇಜಾರು ಮಾಡೋದು ಸರಿಯಲ್ಲ ಅಂತ."

"ಡಾಕ್ಟ್ರೇ, ನೀವು ಒಂದು ಹಲ್ಲಿನ ಅರ್ಧ ನೀವು ಕಿತ್ತು, ಇನ್ನರ್ಧ ಕೀಳೋಕೆ ಪಕ್ಕದೋರ ಹತ್ರ ಕಳಿಸ್ತಿದ್ರಾ?"

ಡಾಕ್ಟರು ನಕ್ಕು, ಅದೂ ಒಂದು ರೀತಿಯಲ್ಲಿ ನಿಜವೇ ಎಂದರು. ಆದರೆ ಮಾತು ಬದಲಿಸಲಿಲ್ಲ. ಅವರದೂ ತಪ್ಪೆನ್ನುವಂತಿಲ್ಲ. ಗೋಡೆ ಎದ್ದ ಮೇಲೆ ಬೀದಿಯವರೆಲ್ಲ ಹಾಗೇ ನಡೆದುಕೊಂಡು ಬಂದಿದ್ದರು. ಒಂದು ಸಲ ಇಲ್ಲಿ ಕೊಟ್ಟರೆ ಇನ್ನೊಂದು ಸಲ ಅಲ್ಲಿ. ಈ ಮನೆಯ ಗೇಟಿನ ಕೊಂಡಿ ಇವನಿಗೆ, ಅಗುಳಿ ಅವನಿಗೆ. ಆ ಗೇಟುಗಳು ಒಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ, ಆದರೂ ಯಾರ ಮನಸ್ಸೂ ನೋಯುತ್ತಿರಲಿಲ್ಲ. ಡಾಕ್ಟರು ಅದೇ ಪದ್ಧತಿಯನ್ನು ಒಂದು ಕಾರಿನ ಎರಡು ಚಕ್ರಗಳಿಗೂ ಹಚ್ಚಿದ್ದರು, ಅಷ್ಟೇ. ಒಲ್ಲೆ ಎಂದರೆ ಎರಡೂ ತಮ್ಮನ ಪಾಲಾಗುತ್ತವೆ. ದೊಡ್ಡಪಟ್ಟಿ ಒಪ್ಪಿಕೊಂಡ. ಗೋಡೆಯಾಚೆ ಚಿಕ್ಕಪಟ್ಟಿಯೂ ಅದೇ ಕಾರಣಕ್ಕೆ ಒಪ್ಪಿಕೊಂಡಿದ್ದ.

ಕಾರನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದರು. ಅಣ್ಣ ಬೆಳಿಗ್ಗೆ ಬಂದು ಎಡಗಡೆಯ ಕಟ್ಟನ್ನು ಬಿಚ್ಚಿಕೊಂಡು ಹೋದ. ತಮ್ಮ ಸಂಜೆ ಬಂದು ಬಲಗಡೆಯದನ್ನು. ಎದುರುಬದುರಾಗದಂತೆ ಹೊತ್ತು ಗೊತ್ತು ಮಾಡಿದವರು ಡಾಕ್ಟರೇ. ಕಟ್ಟಿನ ಸ್ಥಿತಿ ನೋಡಿ ದೊಡ್ಡಪಟ್ಟಿ ಮೂಗು ಮುರಿದ. ಪಟ್ಟಿಗಳ ನಡುವೆ ಗ್ರೀಸಿನ ಬದಲು ತುಕ್ಕಿನ ಪುಡಿ. ಪಟ್ಟಿಯ ತುದಿ ಸುತ್ತಿ ಮಾಡಿದ ಕಣ್ಣಿನೊಳಗಿನ ರಬ್ಬರ್ ಬುಷ್ ಸವೆದು ಅಂಡಾಕಾರವಾಗಿತ್ತು. ಮೂರನೆಯ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕು. "ಹಲ್ಲು ಉಜ್ಜಿ ಉಜ್ಜಿ ಅಂತ ಊರಿಗೆಲ್ಲ ಹೇಳಿದೋರು ಮನೆಯ ಕಾರಿಗೆ ಒಂದು ಹನಿ ಎಣ್ಣೆ ಬಿಟ್ಟಿಲ್ಲ" ಎಂದು ಹೆಂಡತಿಗೆ ತೋರಿಸಿದ. ಬಿರುಕು ಬಿಟ್ಟದ್ದನ್ನು ಎಸೆದು ಅದೇ ದಪ್ಪದ ಹೊಸ ಪಟ್ಟಿ ಕತ್ತರಿಸಿಕೊಂಡ.

ಆಮೇಲೆ ಕುಲುಮೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತ. ಅವನು ಸುಮ್ಮನೆ ಕೂರುವುದು ಅಪರೂಪ, ಹೆಂಡತಿ ಚಕ್ರ ತಿರುಗಿಸುವುದನ್ನು ನಿಲ್ಲಿಸಿ, "ಮೈ ಸರಿ ಇಲ್ವಾ?" ಎಂದಳು.

"ಲೆಕ್ಕ ಹಾಕ್ತಿದ್ದೀನಿ. ನಾನು ಸರಿಯಾಗಿ ಮಾಡ್ತೀನಿ, ಆ ಸೋಮಾರಿ ಒಂದು ಬೆರಳು ಕಡಿಮೆ ಮಾಡ್ತಾನೆ. ಕಾರು ಅವನ ಕಡೆ ವಾಲುತ್ತೆ. ಬಂದ ಮನುಷ್ಯನಿಗೆ ಇದು ಅಣ್ಣಂದು, ಅದು ತಮ್ಮಂದು ಅಂತ ಏನು ಗೊತ್ತು? ಕಾರು ವಾಲಿದೆ ಅಂತಾನೆ, ಹೊರಟುಹೋಗ್ತಾನೆ. ಅವನ ಸೋಮಾರಿತನಕ್ಕೆ ನನ್ನ ಕುಲುಮೆ ಆರುತ್ತೆ."

"ಹಾಗಾದ್ರೆ ಹೋಗಿ ಅವನಿಗೆ ಒಂದು ಮಾತು ಹೇಳಿ ಬನ್ನಿ. ಗೋಡೆ ಸುತ್ತಿ ಹೋದ್ರೆ ಬಾಗಿಲು ಅಲ್ಲೇ ಇದೆ."

"ಅವನ ಹತ್ರ ನಾನು ಮಾತಾಡೋದಾ? ಅದರ ಬದಲು ನಾನೇ ಕಡಿಮೆ ಮಾಡ್ತೀನಿ."

ಬಾಯಿಂದ ಬಂದ ಮೇಲೆ ಆ ಮಾತು ಅವನಿಗೇ ಕಹಿಯಾಯಿತು. ಇಷ್ಟು ವರ್ಷ ಯಾರಿಗೂ ಬಾಗದ ಕೈ ಅದು. ಆದರೂ ಪಟ್ಟಿ ಕೆಂಪಗಾದ ಮೇಲೆ ಅಡಿಗಲ್ಲಿನ ಮೇಲಿಟ್ಟು ಬಡಿದ. ಇನ್ನೂ ಬಡಿ, ಇನ್ನೂ ಬಡಿ ಎಂದು ಕೈ ಹಟ ಮಾಡುತ್ತಿದ್ದಂತೆಯೇ ಹಲ್ಲು ಕಚ್ಚಿ ಸುತ್ತಿಗೆ ಕೆಳಗಿಟ್ಟ. ತಮ್ಮನ ಹಾಗೆ ಬೆವರು ಒರೆಸಿಕೊಂಡ. ಒಂದೊಂದು ಪಟ್ಟಿಗೂ ಹಾಗೇ ಮಾಡಿದ. ಕೈಗೆ ಏನೋ ಅವಮಾನವಾದಂತೆ ಅನ್ನಿಸಿ, ಅಂದು ಊಟದಲ್ಲೂ ಹೆಂಡತಿಯನ್ನು ಬೈಯಲಿಲ್ಲ.

ಮರುದಿನ ಗೋಡೆಯಾಚೆ ಸುತ್ತಿಗೆ ಶುರುವಾಯಿತು. ದೊಡ್ಡಪಟ್ಟಿ ಕಿವಿಗೊಟ್ಟ. ದಿನಾ ನಿಲ್ಲುವ ಜಾಗದಲ್ಲಿ ಸದ್ದು ನಿಲ್ಲಲಿಲ್ಲ. ಮುಂದುವರಿಯಿತು, ಇನ್ನೂ ಮುಂದುವರಿಯಿತು. "ಹೊಡೆದಿದ್ದನ್ನೇ ಹೊಡೀತಿದ್ದಾನೆ," ಎಂದ ಹೆಂಡತಿಗೆ. "ಎಲ್ಲೋ ಎಡವಟ್ಟು ಮಾಡ್ಕೊಂಡಿದ್ದಾನೆ. ಒಂದು ಪಟ್ಟಿಗೆ ಇಷ್ಟೊಂದು ಪೆಟ್ಟು ಯಾರಾದ್ರೂ ಹೊಡೀತಾರಾ?" ತಾನು ಜೀವನವಿಡೀ ಅಷ್ಟೇ ಹೊಡೆದವನು ಎಂಬುದು ಅವನಿಗೆ ಹೊಳೆಯಲಿಲ್ಲ.

ಕಾರ್ಯದರ್ಶಿ ಬಂದ ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಬರಲೇಬೇಕಾಯಿತು. ಬುಷ್ಷಿನ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಯಬೇಕು. ಮೊದಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಅಣ್ಣ ಎಡಚಕ್ರದ ಪಕ್ಕ, ತಮ್ಮ ಬಲಚಕ್ರದ ಪಕ್ಕ, ನಡುವೆ ಕಾರು. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಎತ್ತರ ಅದಕ್ಕಿದ್ದದ್ದು ಒಳ್ಳೆಯದೇ ಆಯಿತು. ಕಾರ್ಯದರ್ಶಿ ಚರ್ಮದ ಕೈಗವಸು ಹಾಕಿಕೊಂಡು ಬಂದಿದ್ದ. ಕಾರು ಓಡಿಸುವುದೇ ಇಲ್ಲವಾದ ಮೇಲೆ ಕೈಗವಸು ಯಾಕೆಂದು ದೊಡ್ಡಪಟ್ಟಿ ತುಟಿ ಓರೆ ಮಾಡಿದ.

ದಿಮ್ಮಿ ಸರಿಸಿ ಜಾಕು ಇಳಿಸಿದರು. ಕಾರು ನಿಧಾನವಾಗಿ ಕೆಳಗೆ ಬಂತು, ನಿಂತಿತು. ದೊಡ್ಡಪಟ್ಟಿಯ ಕಡೆಗೆ ವಾಲಿಕೊಂಡು ನಿಂತಿತು.

ಸಣ್ಣ ವಾಲುವಿಕೆಯಲ್ಲ. ಒಂದು ಕಡೆ ಎರಡು ಬೆರಳು ಎತ್ತರ. ದಾರಿಯಲ್ಲಿ ಹೋಗುವ ಕುರುಡನಿಗೂ ಕಾಣುವಷ್ಟು.

"ನೆಲ ಸ್ವಲ್ಪ ಇಳಿಜಾರು ಅನ್ಸುತ್ತೆ," ಎಂದರು ಡಾಕ್ಟರು. ಕಾರನ್ನು ತಳ್ಳಿ ಹಿಂದುಮುಂದಾಗಿ ತಿರುಗಿಸಿದರು. ಕಾರಿನ ಜೊತೆಗೆ ವಾಲುವಿಕೆಯೂ ತಿರುಗಿತು. ಕಾರ್ಯದರ್ಶಿ ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡ. ನಮ್ಮ ಕಾರುಗಳಿಗೆ ಬೇರೆ ಊರಿನಲ್ಲಿ ಒಬ್ಬರಿದ್ದಾರೆ, ಅಲ್ಲಿಗೇ ಕಳಿಸುತ್ತೇವೆ ಎಂದು ನಯವಾಗಿ ಹೇಳಿ ಹೊರಟುಹೋದ.

ಗೇಟಿನವರೆಗೆ ಬಿಟ್ಟುಬಂದ ಡಾಕ್ಟರು ಕಾರಿನ ಮುಂದೆ ನಿಂತರು. ಇಬ್ಬರೂ ಅವರ ಬಾಯಿಂದ ಬರುವ ಎಂದಿನ ಮಾತಿಗಾಗಿ ಕಾದರು. ಪರವಾಗಿಲ್ಲ, ಇಬ್ಬರದೂ ಚೆನ್ನಾಗಿದೆ ಎಂದರೆ ಬೈಯಬಹುದಲ್ಲ ಎಂದು ದೊಡ್ಡಪಟ್ಟಿ ಬಾಯಿ ಸಿದ್ಧಮಾಡಿಕೊಂಡಿದ್ದ.

"ಚೆನ್ನಾಗಿಲ್ಲ," ಎಂದರು ಡಾಕ್ಟರು. "ಎರಡೂ ಚೆನ್ನಾಗಿಲ್ಲ. ನಿಮ್ಮ ಅಪ್ಪ ಮಾಡಿದಾಗ ಇದು ನೆಟ್ಟಗೆ ನಿಂತಿತ್ತು." ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ದೊಡ್ಡಪಟ್ಟಿಯ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಜಗತ್ತನ್ನೆಲ್ಲ ಬೈದು ಬಂದ ಮನುಷ್ಯನಿಗೆ, ಯಾರನ್ನೂ ಬೈಯದ ಒಬ್ಬರ ಬಾಯಿಂದ ಬಂದ ಒಂದು ಮಾತನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಕುಲುಮೆ ಹೋಯಿತು. ಅದೂ ಕಾರು ತನ್ನ ಕಡೆಗೇ ವಾಲಿದ್ದರಿಂದ ಹೋಯಿತು. ತಮ್ಮ ಏನೋ ಮೋಸ ಮಾಡಿರಬೇಕು, ಬೇಕೆಂದೇ ನನ್ನ ಮಾನ ಕಳೆಯಲು ಹೂಡಿದ ಆಟ ಎಂದುಕೊಂಡ. ಕಾರನ್ನು ಮತ್ತೆ ದಿಮ್ಮಿಯ ಮೇಲೇರಿಸಿ, ಜೇಬಿನಿಂದ ಅಳತೆಯ ದಾರ ತೆಗೆದು, ಅಂಗಾತ ಮಲಗಿ ಬಲಗಡೆಯ ಪಟ್ಟಿಯ ಕೆಳಗೆ ನುಸುಳಿದ. ಅದೇ ಹೊತ್ತಿಗೆ ತಮ್ಮನೂ ಒಂದು ದಾರ ಹಿಡಿದು ಎಡಗಡೆಯ ಪಟ್ಟಿಯ ಕೆಳಗೆ ನುಸುಳುತ್ತಿದ್ದ. ಅವನ ಹೊಟ್ಟೆ ಆಕ್ಸಲಿಗೆ ತಾಗಿತು.

ದೊಡ್ಡಪಟ್ಟಿ ಪಟ್ಟಿಯ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಎಳೆದು, ನಡುವಿನ ಎತ್ತರಕ್ಕೆ ಬೆರಳು ಹಿಡಿದು ನೋಡಿದ. ಇನ್ನೊಮ್ಮೆ ಹಿಡಿದ. ಅದು ತಮ್ಮನ ಅಳತೆಯಾಗಿರಲಿಲ್ಲ. ಅದು ತನ್ನದೇ ಅಳತೆ. ತಮ್ಮ ಇಷ್ಟು ವರ್ಷ ಬೀದಿಯವರೆದುರು ಗೇಲಿ ಮಾಡುತ್ತಿದ್ದ ಆ ಒಂದು ಬೆರಳು ಜಾಸ್ತಿ, ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲದೆ, ಅಲ್ಲಿತ್ತು.

ಆ ಕಡೆಯಿಂದ ತಮ್ಮನ ದನಿ ಬಂತು. "ಯಾಕೆ ಇಳಿಸಿದೆ?"

"ನೀನು ಯಾಕೋ ಎತ್ತಿದೆ?"

"ನೀನು ಎತ್ತೇ ಎತ್ತುತ್ತೀಯ ಅಂತ. ನಿನ್ನ ಸೊಕ್ಕು ನನಗೆ ಗೊತ್ತಿಲ್ವಾ? ನಾನು ನನ್ನ ಹಾಗೆ ಮಾಡಿದ್ರೆ ಕಾರು ವಾಲುತ್ತೆ, ಆ ಕೆಲಸ ಕೈತಪ್ಪುತ್ತೆ, ನಿನ್ನ ಕುಲುಮೆ ಹೋಗುತ್ತೆ ಅಂತ..." ಅವನು ಅಲ್ಲಿಗೇ ನಿಲ್ಲಿಸಿದ.

"ನನ್ನ ಕುಲುಮೆ ವಿಷಯ ನಿನಗೆ ಯಾರು ಹೇಳಿದ್ದು?"

"ಗೋಡೆ ಒಂದೇ ಇಟ್ಟಿಗೆ ಅಲ್ವಾ. ಅತ್ತಿಗೆ ಹೇಳೋದೆಲ್ಲ ಕೇಳಿಸುತ್ತೆ." ದಾರ ಸುತ್ತಿಕೊಳ್ಳುತ್ತ, "ಆವತ್ತು ನಿನ್ನ ಸುತ್ತಿಗೆ ಬೇಗ ನಿಂತಾಗ ಊಟಕ್ಕೆ ಎದ್ದೆ ಅಂದ್ಕೊಂಡೆ" ಎಂದ.

ದೊಡ್ಡಪಟ್ಟಿ ಕತ್ತು ಹೊರಳಿಸಿ ನೋಡಿದ. ಆಕ್ಸಲಿನ ಆಚೆ ತಮ್ಮನ ಮುಖ, ಗ್ರೀಸು ಮೆತ್ತಿಕೊಂಡು, ಅಪ್ಪನ ಮುಖದ ಹಾಗೇ ಕಂಡಿತು. ತನ್ನ ಪಟ್ಟಿಯನ್ನು ತಮ್ಮ ಮಾಡಿದ್ದ, ತಮ್ಮನ ಪಟ್ಟಿಯನ್ನು ತಾನು ಮಾಡಿದ್ದ. ಮಾತು ಬಿಟ್ಟ ಇಷ್ಟೂ ವರ್ಷ ಇಬ್ಬರೂ ಗೋಡೆಗೆ ಕಿವಿಯಿಟ್ಟು ಒಬ್ಬರ ಕೈ ಒಬ್ಬರು ಕಲಿತಿದ್ದರು. ಅವನಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

"ಕುಲುಮೆ ನನ್ನ ಕಡೆ ತಂದಿಡು," ಎಂದ ತಮ್ಮ. "ಜಾಗ ಇದೆ."

"ನಿನ್ನ ಜಾಗಾನೂ ನಿನ್ನ ಹಾಗೇ. ಅಗಲ ಇದೆ, ಉಪಯೋಗ ಇಲ್ಲ," ಎಂದ ಅಣ್ಣ. ದನಿ ಮಾತ್ರ ಎಂದಿನಂತೆ ಇರಲಿಲ್ಲ.

ಮಾತು ಕೊಟ್ಟ ಪ್ರಕಾರ ಹೆಂಡತಿ ಜಾಗವನ್ನು ಫೋನಿನವನಿಗೆ ಕೊಟ್ಟಳು. ಅಪ್ಪನ ಬೆಂಕಿ ಉರಿದ ಕಡೆ ಬಿಳಿಯ ಟೈಲ್ಸು ಬಿತ್ತು, ಕನ್ನಡಿಯ ಕಪಾಟು ಬಂತು. ಕುಲುಮೆಯನ್ನು ಕೈಗಾಡಿಯಲ್ಲಿ ಹೇರಿ ಗೋಡೆ ಸುತ್ತಿ ಆ ಕಡೆಗೆ ತಂದರು. ದೊಡ್ಡಪಟ್ಟಿ ಒಳಗೆ ಕಾಲಿಟ್ಟವನೇ ನೆಲ ಬೈದ, ಸೂರು ಬೈದ, ಸುತ್ತಿಗೆ ತೂಗುಹಾಕಿದ ಮೊಳೆಯನ್ನು ಬೈದ. ಎಣ್ಣೆ ತೊಟ್ಟಿಯನ್ನು ಮಾತ್ರ ಬೈಯದೆ, ಅದರ ಅಂಚನ್ನು ಅಂಗೈಯಿಂದ ಸವರಿದ.

ಮೊದಲು ಮಾಡಿದ್ದು ಡಾಕ್ಟರ ಕಾರಿನ ಕೆಲಸವೇ, ಯಾರೂ ಕೇಳಿರಲಿಲ್ಲ. ಎರಡೂ ಕಟ್ಟು ಬಿಚ್ಚಿ, ಪಟ್ಟಿಗಳನ್ನೆಲ್ಲ ಒಂದೇ ಬೆಂಕಿಯಲ್ಲಿ ಕಾಯಿಸಿದರು. ಅಣ್ಣನ ಕೈ ಸೋತಾಗ ಅದೇ ಪಟ್ಟಿಯ ಮೇಲೆ ತಮ್ಮ ಹೊಡೆದ. ತಮ್ಮ ಸಾಕು ಎಂದಾಗ ಅಣ್ಣ ಸುತ್ತಿಗೆ ಕಿತ್ತುಕೊಂಡ. ಅಪ್ಪನ ಅಚ್ಚಿನ ಮೇಲೆ ಒಂದೊಂದನ್ನೂ ಕೂರಿಸಿ, ಒಂದೇ ಎಣ್ಣೆಯಲ್ಲಿ ಮುಳುಗಿಸಿ, ನೆಲದ ಮೇಲೆ ಸಾಲಾಗಿ ಆರಲು ಬಿಟ್ಟರು. ಕಟ್ಟುವಾಗ ಉದ್ದ ನೋಡಿ ಕೈಗೆ ಸಿಕ್ಕಿದ್ದನ್ನು ಕಟ್ಟಿದರು.

ಕಾರು ನೆಟ್ಟಗೆ ನಿಂತಿತು. ನೋಡಲು ಕಾರ್ಯದರ್ಶಿ ಇರಲಿಲ್ಲ, ಸಂಘದ ಕಾರುಗಳು ಆಗಲೇ ಬೇರೆ ಊರು ಸೇರಿದ್ದವು. ಡಾಕ್ಟರೊಬ್ಬರೇ ಹೊರಗೆ ಬಂದರು. ಕಾರನ್ನು ಸುತ್ತು ಹಾಕಿ, ಬಗ್ಗಿ ನೋಡಿ, ಮುಖ ಅರಳಿಸಿಕೊಂಡರು. ಹೊಗಳುವಾಗಲೂ ಇಬ್ಬರಿಗೂ ಸಮನಾಗಿ ಹಂಚಬೇಕೆಂಬ ಹಳೆಯ ಅಭ್ಯಾಸ ಅವರದು.

"ಈಗ ಎಡಗಡೇದು ಯಾರದು, ಬಲಗಡೇದು ಯಾರದು?" ಎಂದರು.

ದೊಡ್ಡಪಟ್ಟಿ ಬಾಯಿ ತೆರೆದ. ತಮ್ಮನ ಕಡೆ ನೋಡಿದ. ತಮ್ಮನೋ ಚಕ್ರದ ನಟ್ಟನ್ನೇ ನೋಡುತ್ತಿದ್ದ.

"ಗೊತ್ತಿಲ್ಲ," ಎಂದ ದೊಡ್ಡಪಟ್ಟಿ.

ಡಾಕ್ಟರು ತಮ್ಮನ ಕಡೆ ತಿರುಗಿದರು.

"ನನಗೂ ಗೊತ್ತಿಲ್ಲ," ಎಂದ ತಮ್ಮ.

"ಇವನಿಗೆ ಯಾವತ್ತು ಏನು ಗೊತ್ತಿತ್ತು," ಎಂದು ಗೊಣಗುತ್ತ ದೊಡ್ಡಪಟ್ಟಿ, ತಮ್ಮ ಚಾಚಿದ ಬಟ್ಟೆಯಲ್ಲಿ ಕೈ ಒರೆಸಿಕೊಂಡ.